ಐದು ಆಜ್ಞೆ ಕೊಟ್ಟು ಕೈಕಟ್ಟಿ ಕೂರುವ ಆಟ: ಡೊಮಿನಿಯನ್ಸ್ 5, ಕೆಲವು ವರ್ಷ ಆಡಿದ ಮೇಲೆ

ಡೊಮಿನಿಯನ್ಸ್ 5 ಅನ್ನುವುದು ಮಂತ್ರ-ರಾಕ್ಷಸರ ಲೋಕದ ಕಂಪ್ಯೂಟರ್ ಯುದ್ಧತಂತ್ರದ ಆಟ. ಇದರಲ್ಲಿ ಯುದ್ಧ ಶುರುವಾದ ಮೇಲೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಒಬ್ಬ ಸೈನಿಕನನ್ನೂ ಒಂದು ಹೆಜ್ಜೆ ಆಚೆ ಸರಿಸಲು ಆಗುವುದಿಲ್ಲ. ಕೊಳ್ಳುವ ಮುಂಚೆ ಇದೊಂದನ್ನು ಗೊತ್ತು ಮಾಡಿಕೊಳ್ಳಿ. ಉಳಿದದ್ದು, ಅಂದರೆ ಎಷ್ಟು ದೇಶ, ಎಷ್ಟು ಮಂತ್ರ, ಎಷ್ಟು ಬಗೆಯ ರಾಕ್ಷಸರು ಅನ್ನುವುದೆಲ್ಲ ಸ್ಟೋರ್ ಪುಟದಲ್ಲೇ ಇದೆ. ಗ್ರಾಫಿಕ್ಸ್ ಬಗ್ಗೆ ಮಾತ್ರ ಒಂದು ಮಾತು: ಇದು 2017ರ ಆಟ, ನೋಡಿದರೆ ಅದಕ್ಕಿಂತ ಇಪ್ಪತ್ತು ವರ್ಷ ಹಳೆಯದು ಅನ್ನಿಸುತ್ತದೆ. ನನ್ನ ಹಳೆ ಲ್ಯಾಪ್‌ಟಾಪ್‌ಗೆ ಅದೇ ಒಳ್ಳೆಯದಾಯಿತು.

ನಾನು ಆಡುವುದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ. ಸಿಗುವುದು ಮುಕ್ಕಾಲು ಗಂಟೆ. ಅದರಲ್ಲಿ ಹೆಚ್ಚಿನ ಹೊತ್ತು ಹೋಗುವುದು ಸೈನ್ಯವನ್ನು ನಿಲ್ಲಿಸುವ ಪರದೆಯಲ್ಲಿ. ಈಟಿಯವರನ್ನು ಮುಂದೆ ಸಾಲಾಗಿ ನಿಲ್ಲಿಸುತ್ತೇನೆ. ಬಿಲ್ಲುಗಾರರನ್ನು ಹಿಂದೆ ಇಡಬೇಕು, ಆದರೆ ತೀರಾ ಹಿಂದೆ ಇಟ್ಟರೆ ಬಾಣ ನಮ್ಮವರ ಬೆನ್ನಿಗೇ ಬೀಳುತ್ತದೆ. ಕುದುರೆಯವರನ್ನು ಪಕ್ಕದ ಮೂಲೆಯಲ್ಲಿಟ್ಟು ‘ತಡೆದು ದಾಳಿ ಮಾಡು’ ಅನ್ನುತ್ತೇನೆ. ಅವರು ಎರಡು ಸುತ್ತು ಕಾದು ಆಮೇಲೆ ನುಗ್ಗುತ್ತಾರೆ. ಅಷ್ಟರಲ್ಲಿ ಕಾಲಾಳುಗಳು ಶತ್ರುವನ್ನು ಹಿಡಿದು ನಿಲ್ಲಿಸಿರುತ್ತಾರೆ. ಯಾರ ಮೇಲೆ ಬೀಳಬೇಕು ಅಂತಲೂ ಹೇಳಬಹುದು: ಹತ್ತಿರದವರ ಮೇಲೆ, ಬಿಲ್ಲುಗಾರರ ಮೇಲೆ, ಕಟ್ಟಕಡೆಗೆ ನಿಂತವರ ಮೇಲೆ. ಪೂಜಾರಿಯನ್ನು ಪವಿತ್ರ ಯೋಧರ ಹತ್ತಿರವೇ ನಿಲ್ಲಿಸಬೇಕು, ದೂರವಾದರೆ ಅವನ ಆಶೀರ್ವಾದ ಅವರಿಗೆ ತಲುಪುವುದಿಲ್ಲ.

ಕೊನೆಗೆ ಮಂತ್ರವಾದಿಗಳು. ಒಬ್ಬೊಬ್ಬನಿಗೂ ಐದು ಆಜ್ಞೆ ಬರೆಯಬಹುದು. ಮೊದಲ ಸುತ್ತಿಗೆ ಈ ಮಂತ್ರ, ಎರಡನೆಯದಕ್ಕೆ ಆ ಮಂತ್ರ, ಹೀಗೆ. ಭೂಮಿಯ ಮಂತ್ರವಾದಿಯಾದರೆ ನಾನು ಮೊದಲು ಹಾಕಿಸುವುದು ಸಮ್ಮನ್ ಅರ್ತ್‌ಪವರ್, ಇಲ್ಲದಿದ್ದರೆ ಅವನು ಬೇಗ ದಣಿಯುತ್ತಾನೆ. ಗಾಳಿಯವನಾದರೆ ವಿಂಡ್ ಗೈಡ್, ಬಿಲ್ಲುಗಾರರ ಗುರಿ ಸರಿಹೋಗಲಿ ಅಂತ. ಇದೆಲ್ಲ ಬರೆದು, ದೊಡ್ಡ ಮಂತ್ರಗಳಿಗೆ ಖರ್ಚಾಗುವ ರತ್ನಗಳನ್ನು ಎಣಿಸಿ ಅವರವರ ಕೈಗೆ ಕೊಟ್ಟು, ಟರ್ನ್ ಮುಗಿಸಿ ಮಲಗುತ್ತೇನೆ.

ಮರುದಿನ ರಾತ್ರಿ ರಿಪ್ಲೇ, ಅಂದರೆ ಆಟ ತಾನೇ ನಡೆಸಿ ಮುಗಿಸಿದ ಯುದ್ಧದ ದೃಶ್ಯ, ನೋಡುವುದಿದೆಯಲ್ಲ, ಅದು ಬೇರೆ ಯಾವ ಆಟದಲ್ಲೂ ನನಗೆ ಸಿಗದ ಸುಖ. ಮಗನನ್ನು ಪರೀಕ್ಷೆಗೆ ಬಿಟ್ಟು ಗೇಟಿನ ಹೊರಗೆ ನಿಂತ ಅಪ್ಪನ ಪಾಡು. ಹೇಳಿಕೊಡುವುದೆಲ್ಲ ಆಗಿದೆ, ಇನ್ನು ಬರೆಯುವವನು ಅವನು. ಕುದುರೆಯವರು ಸರಿಯಾದ ಹೊತ್ತಿಗೆ ಪಕ್ಕದಿಂದ ನುಗ್ಗಿದರೆ ಕುರ್ಚಿಯಿಂದ ಎದ್ದೇಳುತ್ತೇನೆ. ಅದೇ ಯುದ್ಧವನ್ನು ಇನ್ನೊಮ್ಮೆ ಹಾಕಿ ನೋಡುತ್ತೇನೆ, ಈ ಸಲ ಶತ್ರುವಿನ ಕಡೆಯಿಂದ.

ಹಾಗಾದರೆ ಆಟಗಾರನಿಗೆ ರಣರಂಗದಲ್ಲಿ ಎಷ್ಟು ಹಿಡಿತ ಇರಬೇಕು? ನಾನು ಈ ಕಡೆಗೆ ಬಂದದ್ದು ಹಿಡಿತ ಜಾಸ್ತಿಯಾಗಿ ಸುಸ್ತಾದ ಮೇಲೆ. 1999ರ ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3 ನನಗೆ ಈಗಲೂ ಇಷ್ಟ. ಅಲ್ಲಿ ಪ್ರತಿಯೊಂದು ಗುಂಪನ್ನೂ ನಾವೇ ನಡೆಸಬೇಕು. ತಂತ್ರ ಗೊತ್ತಿದ್ದವನು ಸಣ್ಣ ಸೈನ್ಯದಲ್ಲೇ ದೊಡ್ಡದನ್ನು ಹೊಡೆಯುತ್ತಾನೆ. ಒಂದು ಗುಂಪು ಸಾಮಾನ್ಯವಾಗಿ ಒಂದು ಸುತ್ತಿಗೆ ಒಮ್ಮೆ ಮಾತ್ರ ತಿರುಗಿ ಹೊಡೆಯುತ್ತದೆ. ಹಾಗಾಗಿ ಒಂದೇ ಒಂದು ಬಡಪಾಯಿ ಜೀವವನ್ನು ಮುಂದೆ ಕಳಿಸಿ ಆ ಏಟನ್ನು ತಿನ್ನಿಸಿ, ಆಮೇಲೆ ದೊಡ್ಡವರನ್ನು ಬಿಡುವುದು. ಚೆನ್ನಾಗಿದೆ. ಆದರೆ ಇದರ ಬೆಲೆ ಏನು ಗೊತ್ತಾ? ಕಂಪ್ಯೂಟರ್‌ಗೆ ಬಿಟ್ಟರೆ ಅದು ಈ ಜಾಣತನ ಮಾಡದೆ ಸುಮ್ನೆ ಜನರನ್ನು ಕಳೆಯುತ್ತದೆ. ಗೆಲುವು ಖಚಿತ ಇರುವ ಸಣ್ಣ ಜಗಳವನ್ನೂ ನಾವೇ ಕೈಯಾರೆ ಆಡಬೇಕು. ಟೋಟಲ್ ವಾರ್: ವಾರ್‌ಹ್ಯಾಮರ್‌ನಲ್ಲಿ ಒಂದು ಸೈನ್ಯಕ್ಕೆ ಇಪ್ಪತ್ತು ತುಕಡಿ, ಎಲ್ಲವೂ ಒಟ್ಟಿಗೆ ಓಡುತ್ತಿರುತ್ತವೆ. ನೋಡಲು ಹಬ್ಬ. ನಾನು ಮಾತ್ರ ಆಟ ನಿಲ್ಲಿಸುವ ಬಟನ್ ಒತ್ತಿ ಒತ್ತಿ, ಮುಕ್ಕಾಲು ಗಂಟೆಯನ್ನು ಒಂದೇ ಯುದ್ಧದಲ್ಲಿ ಮುಗಿಸಿ ಮಲಗುತ್ತಿದ್ದೆ. 2014ರ ಎಂಡ್‌ಲೆಸ್ ಲೆಜೆಂಡ್ ನಡುವಿನ ದಾರಿ ಹಿಡಿಯಿತು. ಸುತ್ತಿನ ಮೊದಲು ಗುರಿ ಹೇಳಿದರೆ ತುಕಡಿಗಳು ತಮ್ಮ ಸರದಿಯಲ್ಲಿ ಹೋಗಿ ಹೊಡೆಯುತ್ತವೆ. ಅಲ್ಲಿ ನನಗೆ ಎರಡೂ ಸಿಗಲಿಲ್ಲ, ನಡೆಸಿದ ಸಮಾಧಾನವೂ ಇಲ್ಲ, ಬಿಟ್ಟು ನೋಡುವ ಕುತೂಹಲವೂ ಇಲ್ಲ.

ಇಷ್ಟು ಹೊಗಳಿದ್ದಾಯಿತು. ಈಗ ಆರನೇ ಸುತ್ತಿನ ವಿಷಯ.

ಐದು ಆಜ್ಞೆ ಮುಗಿದ ಕೂಡಲೇ ಮಂತ್ರವಾದಿ ಸ್ವತಂತ್ರ. ಮುಂದೆ ಯಾವ ಮಂತ್ರ ಹಾಕಬೇಕು ಅಂತ ಅವನೇ ತೀರ್ಮಾನಿಸುತ್ತಾನೆ. ಆ ತೀರ್ಮಾನಗಳನ್ನು ನೋಡಿದರೆ ಮೈಯೆಲ್ಲ ಉರಿಯುತ್ತದೆ. ಎದುರಿಗೆ ಕುಂಟುವ ನಾಲ್ಕು ಜನ ಉಳಿದಿರುತ್ತಾರೆ, ಇವನು ಕೈಯಲ್ಲಿದ್ದ ರತ್ನ ಸುರಿದು ದೊಡ್ಡ ಮಂತ್ರ ಹಾಕುತ್ತಾನೆ. ಅದಕ್ಕೇ ನಾನು ರತ್ನ ಎಣಿಸಿ ಕೊಡುವುದು, ಐದು ಸುತ್ತಿಗೆ ಬೇಕಾದಷ್ಟು ಮಾತ್ರ. ಒಂದೂ ಜಾಸ್ತಿ ಇಲ್ಲ. ದಣಿವಿನದು ಇನ್ನೊಂದು ಗೋಳು. ಪ್ರತಿ ಮಂತ್ರಕ್ಕೂ ದಣಿವು ಏರುತ್ತದೆ, 100 ಮುಟ್ಟಿದರೆ ಪ್ರಜ್ಞೆ ತಪ್ಪುತ್ತದೆ. ಬುದ್ಧಿ ಇದ್ದವನು 90ಕ್ಕೆ ಬಂದಾಗ ನಿಲ್ಲಿಸಬೇಕು, ಅಲ್ವಾ? ಇವನು ಇನ್ನೊಂದು ಹಾಕಿ ಶತ್ರುಗಳ ಎದುರಿಗೇ ಬಿದ್ದುಕೊಳ್ಳುತ್ತಾನೆ. ಐದು ಆಜ್ಞೆಯೊಳಗೂ ಪೂರ್ತಿ ನಂಬಿಕೆ ಇಡುವಂತಿಲ್ಲ. ಹೇಳಿದ ಮಂತ್ರಕ್ಕೆ ಆ ಸುತ್ತಿನಲ್ಲಿ ಶತ್ರು ಎಟುಕದಿದ್ದರೆ, ತನಗೆ ತೋಚಿದ್ದನ್ನು ಹಾಕುತ್ತಾನೆ.

ಇಂಥ ಹೊತ್ತಲ್ಲಿ ಮೌಸ್ ಹಿಡಿದ ಕೈ ತುರಿಸುತ್ತದೆ. ಒಂದೇ ಒಂದು ಕ್ಲಿಕ್‌ಗೆ ಬಿಟ್ಟಿದ್ದರೆ ಸಾಕಿತ್ತು ಅನ್ನಿಸುತ್ತದೆ. ಆದರೆ ಆ ಕ್ಲಿಕ್ ಕೊಟ್ಟರೆ ಆಟವೇ ಮುರಿಯುತ್ತದೆ. ನಾವು ಕೆಲವು ಗೆಳೆಯರು ಒಂದು ಪಂದ್ಯವನ್ನು ತಿಂಗಳುಗಟ್ಟಲೆ ಆಡುತ್ತೇವೆ. ಒಬ್ಬ ಬೆಳಿಗ್ಗೆ ಟರ್ನ್ ಕಳಿಸುತ್ತಾನೆ, ಒಬ್ಬ ಮಧ್ಯಾಹ್ನ, ನಾನು ರಾತ್ರಿ. ಎಲ್ಲರದೂ ಬಂದ ಮೇಲೆ ಒಟ್ಟಿಗೆ ಲೆಕ್ಕವಾಗುತ್ತದೆ. ಯುದ್ಧದ ನಡುವೆ ಆಜ್ಞೆ ಕೊಡಬೇಕು ಅಂದರೆ ಇಬ್ಬರೂ ಒಂದೇ ಹೊತ್ತಿಗೆ ಕೂರಬೇಕು. ನಮ್ಮ ಗುಂಪಿನಲ್ಲಿ ಅದು ಆಗದ ಮಾತು.

ಹಾಗಾಗಿ ನಾನು ಕೇಳುವುದು ನಡುವೆ ಕೈ ಹಾಕುವ ಹಕ್ಕನ್ನಲ್ಲ. ಮೊದಲೇ ಹೇಳಿಡಲು ಇನ್ನೆರಡು ಮಾತು, ಅಷ್ಟೇ. ‘ದಣಿವು 80 ದಾಟಿದರೆ ಕೂತು ಸುಧಾರಿಸಿಕೋ.’ ‘ಎದುರಿಗೆ ಹೆಣಗಳ ಸೈನ್ಯ ಇದ್ದರೆ ಮೊದಲು ಅವರನ್ನು ಓಡಿಸು.’ ಇಂಥ ‘ಹೀಗಾದರೆ ಹಾಗೆ ಮಾಡು’ ಆಜ್ಞೆ ಎರಡೇ ಎರಡು ಇದ್ದರೂ ನನ್ನ ಗೊಣಗಾಟ ಮುಕ್ಕಾಲು ಪಾಲು ನಿಲ್ಲುತ್ತಿತ್ತು. ಮುನ್ನೂರು ಈಟಿಯವರು ಹೇಳಿದ ಮಾತು ಕೇಳುತ್ತಾರೆ. ಜೀವಮಾನವೆಲ್ಲ ಓದಿದ ಮಂತ್ರವಾದಿಗೆ ಇಷ್ಟು ಹೇಳಲು ಆಗುವುದಿಲ್ಲ ಅನ್ನುವುದು ವಿಚಿತ್ರ.

ನಾಲ್ಕು ಸ್ಟಾರ್ ಕೊಡುತ್ತೇನೆ. ಸೇಲ್‌ನಲ್ಲಿ ಕೊಂಡಿದ್ದೆ, ಆ ದುಡ್ಡು ಎಂದೋ ಮರಳಿ ಬಂದಿದೆ. 2024ರ ಜನವರಿಯಲ್ಲಿ ಡೊಮಿನಿಯನ್ಸ್ 6 ಬಂತು. ಅದನ್ನೂ ಸೇಲ್‌ಗೆ ಬಂದಾಗಲೇ ಕೊಳ್ಳುವುದು. ಹೊಸಬರು ಆಟದ ಮಧ್ಯ ಯುಗದಲ್ಲಿ ಬರುವ ಉಲ್ಮ್ ಅನ್ನುವ ದೇಶದಿಂದ ಶುರು ಮಾಡಿ. ಭಾರಿ ಕವಚದ ಕಾಲಾಳುಗಳು, ಮಂತ್ರದ ಬಲ ಕಡಿಮೆ. ಸಣ್ಣ ನಕ್ಷೆ ತೆಗೆದುಕೊಳ್ಳಿ, ಕೈಪಿಡಿಯ ನೂರಾರು ಪುಟ ಆಮೇಲೆ ಓದಿದರಾಯಿತು. ಮೊದಲ ಯುದ್ಧದ ರಿಪ್ಲೇ ನೋಡುವಾಗ ಬೇಜಾರಾದರೆ ಮುಂದುವರಿಸಬೇಡಿ, ಈ ಆಟ ನಿಮಗಲ್ಲ.