ಬೆಲ್ಲದ ಅಂಗಡಿಯ ಹಳೇ ಸಾಫ್ಟ್‌ವೇರ್, ಹೊಸ ವಿಂಡೋಸ್: ನಾನು ಮಾಡಿ ನೋಡಿದ ಐದು ದಾರಿ

ಮಹಾಲಿಂಗಪುರದಲ್ಲಿ ನಮ್ಮ ಕಾಕಾ ಅವರದ್ದು ಬೆಲ್ಲದ ದಲಾಲಿ ಅಂಗಡಿ. ಅಲ್ಲಿ ರೈತರ ಪಟ್ಟಿ, ಅಂದರೆ ರೈತನಿಗೆ ಕೊಡುವ ಲೆಕ್ಕದ ಬಿಲ್ಲು, ಮಾಡುವ ಸಾಫ್ಟ್‌ವೇರ್ 2009ರದು. ಡಿಪ್ಲೊಮಾ ಮುಗಿಸಿ ಬಂದಿದ್ದ ಊರಿನ ಹುಡುಗನೊಬ್ಬ ಬರೆದುಕೊಟ್ಟದ್ದು. ಎಷ್ಟು ಪೆಂಟಿ, ಎಷ್ಟು ತೂಕ, ಏನು ದರ, ಹಮಾಲಿ ಎಷ್ಟು, ಗಾಡಿ ಬಾಡಿಗೆ ಎಷ್ಟು, ಮುಂಗಡದಲ್ಲಿ ಎಷ್ಟು ಕಳೆಯಬೇಕು. ಇಷ್ಟೇ ಅದರ ಕೆಲಸ. ಹದಿನೈದು ವರ್ಷ ಒಂದು ದಿನವೂ ತಕರಾರು ಮಾಡದೆ ಮಾಡಿತು.

ಹೋದ ಸೀಜನ್‌ಗೆ ವಿಂಡೋಸ್ 7ರ ಆ ಹಳೇ ಕಂಪ್ಯೂಟರ್ ಕೈಕೊಟ್ಟಿತು. ಹಾರ್ಡ್‌ಡಿಸ್ಕ್ ಉಳಿಯಿತು, ಪುಣ್ಯ. ವಿಂಡೋಸ್ 11ರ ಹೊಸ ಕಂಪ್ಯೂಟರ್ ತಂದು ಫೋಲ್ಡರ್ ಕಾಪಿ ಮಾಡಿ ಐಕಾನ್ ಒತ್ತಿದರೆ, ಡಾಟ್‌ನೆಟ್ ಫ್ರೇಮ್‌ವರ್ಕ್ 3.5 (ಇಂಥ ಪ್ರೋಗ್ರಾಂ ಓಡಲು ಬೇಕಾದ ಮೈಕ್ರೋಸಾಫ್ಟ್‌ನ ಅಡಿಪಾಯ) ಬೇಕು ಅಂತ ಒಂದು ಚೌಕ ಬಂತು. ಕಾಕಾ ನನಗೆ ಫೋನ್ ಹಚ್ಚಿದರು. "ಏನಪಾ, ಹೊಸಾದ್ರಾಗ 4.8 ಐತಂತ. ದೊಡ್ಡ ನಂಬರ್ ಇದ್ರೂ ಸಣ್ಣದ ಯಾಕ ಬೇಡತೈತಿ?"

ಪ್ರಶ್ನೆ ಸರಿಯಾಗಿಯೇ ಇತ್ತು. ಡಾಟ್‌ನೆಟ್ 2.0, 3.0, 3.5 ಮೂರೂ ಓಡುವುದು ಒಂದೇ ಎಂಜಿನ್ (ರನ್‌ಟೈಮ್) ಮೇಲೆ. 2010ರಲ್ಲಿ 4.0 ಬಂದಾಗ ಎಂಜಿನ್ನೇ ಬೇರೆಯಾಯಿತು. 4.8 ಕೂಡ ಆ ಹೊಸ ಎಂಜಿನ್ನಿನದೇ. ಹಳೆಯದಕ್ಕೆ ಬರೆದ ಪ್ರೋಗ್ರಾಂ ತಾನಾಗಿ ಹೊಸದನ್ನು ಹತ್ತುವುದಿಲ್ಲ. ವಿಂಡೋಸ್ 7ರಲ್ಲಿ 3.5.1 ಜೊತೆಗೇ ಬರುತ್ತಿತ್ತು, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ವಿಂಡೋಸ್ 8ರಿಂದ ಅದು ತಾನಾಗಿ ಇನ್‌ಸ್ಟಾಲ್ ಆಗಿರುವುದಿಲ್ಲ, ಬೇಕಾದವರು ಹಾಕಿಕೊಳ್ಳಬೇಕು. ಮ್ಯಾಕ್‌ನವರಿಗೂ ಇದು ಹೊಸದಲ್ಲ. 2011ರ ಲಯನ್ ಆವೃತ್ತಿಯಿಂದ ಜಾವಾ ಜೊತೆಗೆ ಬರುವುದು ನಿಂತಿತು, 2022ರಲ್ಲಿ ಮ್ಯಾಕ್‌ಒಎಸ್ 12.3 ಬಂದಾಗ ಪೈಥಾನ್ 2.7 ಹೋಯಿತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಪ್ರೋಗ್ರಾಂ ತೆರೆದುಕೊಂಡರೆ ಗೆದ್ದೆವು ಅಂತ ನಾನು ಲೆಕ್ಕ ಹಿಡಿಯಲಿಲ್ಲ. ರೈತನ ಕೈಗೆ ಹೋಗುವುದು ಪಟ್ಟಿ, ಸ್ಕ್ರೀನ್ ಅಲ್ಲ. ಹಾಗಾಗಿ ಫೈಲಿನಿಂದ ಹಳೇ ಪಟ್ಟಿಯೊಂದನ್ನು ತೆಗೆದೆ. ಪ್ರತಿ ದಾರಿಯಲ್ಲೂ ಅದೇ ಅಂಕಿ ತುಂಬಿ, ಅದೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನಲ್ಲಿ ತೆಗೆದು, ಎರಡೂ ಹಾಳೆ ಒಂದರ ಮೇಲೊಂದು ಇಟ್ಟು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ.

ಮೊದಲನೆಯದು, ಆ ಚೌಕದಲ್ಲಿ ಡೌನ್‌ಲೋಡ್ ಅಂತ ಒತ್ತುವುದು. ಅಂಗಡಿಯಲ್ಲಿ ನೆಟ್ ಅಂದರೆ ಕಾಕಾ ಅವರ ಮೊಬೈಲಿನ ಹಾಟ್‌ಸ್ಪಾಟ್. ಅರ್ಧಕ್ಕೆ ಹೋಗಿ 0ಎಕ್ಸ್800ಎಫ್0906 ಅಂತ ನಿಂತಿತು. ಫೈಲು ಇಳಿಸಿಕೊಳ್ಳಲು ಆಗಲಿಲ್ಲ ಅನ್ನುವುದೇ ಇದರ ಅರ್ಥ. ಆಫೀಸಿನ ಅಪ್‌ಡೇಟ್ ಸರ್ವರ್‌ಗೆ ಕಟ್ಟಿಹಾಕಿದ ಕಂಪ್ಯೂಟರ್‌ಗಳಲ್ಲೂ ಇದೇ ನಂಬರ್ ಕಾಣುತ್ತದೆ. ಮನೆಯ ಫೈಬರ್ ನೆಟ್‌ನಲ್ಲಿ ನನ್ನ ಲ್ಯಾಪ್‌ಟಾಪ್‌ಗೆ ಮಾತ್ರ ಚಹಾ ಕುಡಿಯುವಷ್ಟರಲ್ಲಿ ಕೂತಿತು. ನಿಮ್ಮಲ್ಲಿ ನೆಟ್ ಚಲೋ ಇದ್ದರೆ ಇಲ್ಲಿಗೇ ನಿಲ್ಲಿಸಿ, ಮುಂದಿನದು ಸುಮ್ನೆ ಕಥೆ ಅಂತ ಓದಿಕೊಳ್ಳಿ.

ಎರಡನೆಯದು ಪೆನ್‌ಡ್ರೈವ್ ದಾರಿ. ವಿಂಡೋಸ್ ಇನ್‌ಸ್ಟಾಲ್ ಮಾಡುವ ಐಎಸ್‌ಒ ಫೈಲಿನೊಳಗೆ ಸೋರ್ಸಸ್ ಅನ್ನುವ ಫೋಲ್ಡರ್, ಅದರೊಳಗೆ ಎಸ್‌ಎಕ್ಸ್‌ಎಸ್ ಅನ್ನುವ ಇನ್ನೊಂದು. 3.5 ಕೂತಿರುವುದು ಅಲ್ಲೇ, ಸುಮಾರು 70 ಎಂಬಿ ಅಷ್ಟೇ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು, ವಿಂಡೋಸ್‌ಗೆ ಇಂಥ ಭಾಗ ಸೇರಿಸುವ ಡಿಸ್ಮ್ ಕಮಾಂಡ್ ಕೊಡಬೇಕು. ಫೀಚರ್ ಹೆಸರು ನೆಟ್‌ಎಫ್‌ಎಕ್ಸ್3. ಸೋರ್ಸ್ ಜಾಗದಲ್ಲಿ ಆ ಫೋಲ್ಡರ್ ತೋರಿಸಿ, ಕೊನೆಗೆ ಲಿಮಿಟ್‌ಆಕ್ಸೆಸ್ ಸೇರಿಸಿದರೆ ಅದು ನೆಟ್ ಕಡೆ ತಿರುಗಿಯೂ ನೋಡುವುದಿಲ್ಲ.

ನಾನು ಇಲ್ಲೇ ಎಡವಿದೆ. ಬ್ಯಾಗಿನಲ್ಲಿದ್ದದ್ದು ವಿಂಡೋಸ್ 10ರ ಪೆನ್‌ಡ್ರೈವ್. ಎಲ್ಲ ಒಂದೇ ಅಲ್ವಾ ಅಂತ ಅದನ್ನೇ ಚುಚ್ಚಿದೆ. 0ಎಕ್ಸ್800ಎಫ್081ಎಫ್ ಬಂತು, ಸೋರ್ಸ್ ಸಿಗಲಿಲ್ಲ ಅಂತ. ಫೋಲ್ಡರ್ ಕಣ್ಣೆದುರೇ ಇದೆ, ಇದು ಸಿಗಲಿಲ್ಲ ಅನ್ನುತ್ತದೆ! ಮೂರು ಸಲ ಟೈಪ್ ಮಾಡಿ, ಸ್ಪೆಲ್ಲಿಂಗ್ ತಿದ್ದಿ, ಬೈದು, ಆಮೇಲೆ ಹೊಳೆಯಿತು. ಐಎಸ್‌ಒ ಆ ಕಂಪ್ಯೂಟರ್‌ನಲ್ಲಿರುವ ವಿಂಡೋಸ್ ಆವೃತ್ತಿಯದ್ದೇ ಆಗಿರಬೇಕು. ಮನೆಗೆ ಹೋಗಿ ಸರಿಯಾದದ್ದನ್ನು ಇಳಿಸಿಕೊಂಡು ಮರುದಿನ ಬಂದೆ. ನೂರು ಪರ್ಸೆಂಟ್ ತಲುಪಿತು, ಪ್ರೋಗ್ರಾಂ ತೆರೆಯಿತು. ತಿಂಗಳ ವರದಿಗೆ ಬೇಕಾದ ಕ್ರಿಸ್ಟಲ್ ರಿಪೋರ್ಟ್ಸ್ (ವರದಿ ತಯಾರಿಸುವ ಸಾಫ್ಟ್‌ವೇರ್) ರನ್‌ಟೈಮ್ ಬೇರೆ ಹಾಕಬೇಕಿತ್ತು. ಹಳೇ ಸಿಡಿಯಲ್ಲಿತ್ತು, ಹಾಕಿದೆ. ಪಟ್ಟಿ ತೆಗೆದು ಲೈಟಿಗೆ ಹಿಡಿದರೆ ಗೆರೆ ಮೇಲೆ ಗೆರೆ, ಅಂಕಿ ಮೇಲೆ ಅಂಕಿ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನಗೆ ಚಟ.

ಮೂರನೆಯದು ಬಹಳ ಚಂದ ಕಾಣುವ ದಾರಿ. ಏನೂ ಇನ್‌ಸ್ಟಾಲ್ ಮಾಡುವಂತಿಲ್ಲ. ಪ್ರೋಗ್ರಾಂ ಪಕ್ಕದಲ್ಲೇ, ಅದರದ್ದೇ ಹೆಸರಿನ ಕೊನೆಗೆ ಡಾಟ್ ಕಾನ್ಫಿಗ್ ಅಂತ ಸೇರಿಸಿ ಒಂದು ಚಿಕ್ಕ ಫೈಲು ಇಡುವುದು. ಅದರಲ್ಲಿ ಮೂರು ನಾಲ್ಕು ಸಾಲು: ಸ್ಟಾರ್ಟಪ್, ಅದರೊಳಗೆ ಸಪೋರ್ಟೆಡ್ ರನ್‌ಟೈಮ್ ವಿ4.0. ಅಂದರೆ 'ನೀನು ಹೊಸ ಎಂಜಿನ್ ಮೇಲೆಯೇ ಓಡು' ಅಂತ ಚೀಟಿ ಬರೆದಿಟ್ಟ ಹಾಗೆ. ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡುವಾಗ ಹುಷಾರು. ಅದು ಗುಟ್ಟಾಗಿ ಕೊನೆಗೆ ಡಾಟ್ ಟಿಎಕ್ಸ್‌ಟಿ ಅಂಟಿಸುತ್ತದೆ, ಆಗ ಚೀಟಿ ಇದ್ದೂ ಇಲ್ಲದ ಹಾಗೆ.

ಪ್ರೋಗ್ರಾಂ ತಟ್ಟನೆ ತೆರೆಯಿತು. ತಿಂಗಳ ವರದಿ ಒತ್ತಿದೆ, ಬಿತ್ತು. ಮಿಕ್ಸ್‌ಡ್ ಮೋಡ್ ಅಸೆಂಬ್ಲಿ ಅಂತ ಉದ್ದನೆಯ ತಕರಾರು. ಹಳೇ ಕ್ರಿಸ್ಟಲ್ ರಿಪೋರ್ಟ್ಸ್‌ನ ಒಂದು ಭಾಗ ಹಳೇ ಎಂಜಿನ್ನಿಗೇ ಅಂಟಿಕೊಂಡಿದೆ. ಚೀಟಿಯಲ್ಲಿ ಯೂಸ್ ಲೆಗಸಿ ವಿ2 ರನ್‌ಟೈಮ್ ಆಕ್ಟಿವೇಶನ್ ಪಾಲಿಸಿ ಅನ್ನುವ ರೈಲಿನಷ್ಟು ಉದ್ದದ ಹೆಸರು ಸೇರಿಸಿ ಟ್ರೂ ಅಂದೆ. ವರದಿಯೂ ತೆರೆಯಿತು. ಗೆದ್ದೆ ಅಂದುಕೊಂಡು ಪಟ್ಟಿ ಪ್ರಿಂಟ್ ಕೊಟ್ಟೆ.

ಮೊತ್ತದ ಮುಂದೆ ಪ್ರಶ್ನಾರ್ಥಕ ಚಿಹ್ನೆ! ಹಮಾಲಿ ?, ಬಾಡಿಗೆ ?, ಕೊನೆಗೆ ರೈತನಿಗೆ ಕೊಡಬೇಕಾದ್ದಕ್ಕೂ ?. ಲೈಟಿಗೆ ಹಿಡಿದರೆ ಮೊತ್ತದ ಸಾಲು ಎರಡು ಅಕ್ಷರ ಎಡಕ್ಕೆ ಸರಿದಿತ್ತು.

ಇದರ ಹಿಂದೆ ಬಿದ್ದು ಒಂದು ಸಂಜೆ ಹೋಯಿತು, ಆದರೆ ಬೇಜಾರಿಲ್ಲ. ಬರೆದ ಹುಡುಗ ದುಡ್ಡಿನ ಅಂಕಿಗೆಲ್ಲ 'ಭಾರತದ ಇಂಗ್ಲಿಷ್ ಪದ್ಧತಿ' ಅಂತ ಕೋಡ್‌ನಲ್ಲೇ ನಿಗದಿ ಮಾಡಿದ್ದ. ಹಳೇ ಎಂಜಿನ್ ಆ ಪದ್ಧತಿಯ ವಿವರವನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿತ್ತು. ಅದರ ಪ್ರಕಾರ ರೂಪಾಯಿ ಅಂದರೆ ಇಂಗ್ಲಿಷ್‌ನ ಎರಡಕ್ಷರ, ಒಂದು ಚುಕ್ಕಿ. ಹೊಸ ಎಂಜಿನ್ ವಿಂಡೋಸನ್ನು ಕೇಳುತ್ತದೆ, ವಿಂಡೋಸ್ ₹ ಅನ್ನುತ್ತದೆ. ಈ ಚಿಹ್ನೆಯನ್ನು ಸರ್ಕಾರ ಒಪ್ಪಿದ್ದೇ 2010ರ ಜುಲೈನಲ್ಲಿ. 2009ರ ಪ್ರೋಗ್ರಾಂಗೆ ಹೇಗೆ ಗೊತ್ತಿರಬೇಕು? ಪಟ್ಟಿ ಬರೀ ಅಕ್ಷರವಾಗಿ ನೇರ ಪ್ರಿಂಟರ್‌ಗೆ ಹೋಗುತ್ತದೆ. ಹಾಗೆ ಕಳಿಸಬಹುದಾದ ಅಕ್ಷರಗಳಲ್ಲಿ ₹ ಇಲ್ಲ, ಬದಲಿಗೆ ? ಕೂರುತ್ತದೆ. ಮೂರು ಅಕ್ಷರದ ಜಾಗದಲ್ಲಿ ಒಂದು, ಅದಕ್ಕೇ ಸಾಲು ಸರಿದದ್ದು.

ಕಾಕಾ ಆ ಹಾಳೆ ನೋಡಿ ಹೇಳಿದ್ದು: "ಇದನ್ನ ರೈತರ ಕೈಯಾಗ ಕೊಟ್ರ, ರೊಕ್ಕ ಕೊಡ್ತೀರೋ ಇಲ್ಲೋ ಅಂತ ಕೇಳ್ತಾರ." ಚೀಟಿ ಫೈಲು ಅಳಿಸಿದೆ. ಬರೀ ಸ್ಕ್ರೀನ್ ನೋಡುವ ಪ್ರೋಗ್ರಾಂ ಆಗಿದ್ದರೆ ನಾನು ಇದನ್ನೇ ಆರಿಸುತ್ತಿದ್ದೆ. ದುಡ್ಡು, ತಾರೀಖು ಪ್ರಿಂಟ್ ಆಗುವ ಕಡೆ ಬೇಡ.

ನಾಲ್ಕನೆಯದು, ಕಂಪ್ಯೂಟರ್‌ನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್‌ನೊಳಗೆ ವಿಂಡೋಸ್ 7. ಪಟ್ಟಿ ಮಾತ್ರ ಅಪ್ಪಟ ಹಳೇದೇ, ಒಂದು ಕೂದಲೂ ಆಚೀಚೆ ಇಲ್ಲ. ಉಳಿದದ್ದೆಲ್ಲ ಕಿರಿಕಿರಿ. ಬೆಳಿಗ್ಗೆ ಎರಡು ಕಂಪ್ಯೂಟರ್ ಎಬ್ಬಿಸಿದಷ್ಟು ಹೊತ್ತು. ಪ್ರಿಂಟರ್‌ನ ಯುಎಸ್‌ಬಿಯನ್ನು ಒಳಗಿನ ವಿಂಡೋಸ್‌ಗೆ ಕೊಟ್ಟರೆ ಹೊರಗಿನದಕ್ಕೆ ಕಾಣುವುದಿಲ್ಲ. ಗುಮಾಸ್ತರು ಸಂಜೆ ಆ ಕಿಟಕಿಯನ್ನು ನೇರ ಮುಚ್ಚಿಬಿಟ್ಟರು. ಅದು ಕರೆಂಟ್ ಕಿತ್ತ ಹಾಗೆ. ಮರುದಿನ ಲೆಕ್ಕವೆಲ್ಲ ಇರುವ ಆಕ್ಸೆಸ್ ಡೇಟಾಬೇಸ್ ರಿಪೇರಿ ಮಾಡುತ್ತ ಕೂತೆ, ಹೊರಗೆ ಟ್ರ್ಯಾಕ್ಟರ್ ಸಾಲು ನಿಂತಿತ್ತು. ಮೇಲಾಗಿ ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಬೆಂಬಲ ನಿಂತಿದೆ. ಹಳೇ ಲೆಕ್ಕ ತೆಗೆದು ನೋಡಲಿಕ್ಕೆ ಅಡ್ಡಿ ಇಲ್ಲ. ದಿನದ ವ್ಯಾಪಾರಕ್ಕೆ ನಾನು ಇನ್ನೊಂದು ಸಲ ಕೈಹಾಕಲ್ಲ. (ಲಿನಕ್ಸ್‌ನಲ್ಲಿ ವಿಂಡೋಸ್ ಪ್ರೋಗ್ರಾಂ ಓಡಿಸುವ ವೈನ್ ಕೂಡ ಒಂದು ಸಂಜೆ ನೋಡಿದೆ. ಪ್ರೋಗ್ರಾಂ ಮುಖ ತೋರಿಸಿತು, ಡೇಟಾಬೇಸ್ ತೋರಿಸಲಿಲ್ಲ. ಬಿಟ್ಟೆ.)

ಹೀಗಾಗಿ ಅಂಗಡಿಯಲ್ಲಿ ಈಗ ನಡೆಯುತ್ತಿರುವುದು ಎರಡನೆಯ ದಾರಿ. ಸರಿಯಾದ ಐಎಸ್‌ಒ ಇರುವ ಪೆನ್‌ಡ್ರೈವ್ ಕಾಕಾ ಅವರ ಗಲ್ಲಾಪೆಟ್ಟಿಗೆಯಲ್ಲಿದೆ, ಮೇಲೆ 'ಅಳಿಸಬೇಡಿ' ಅಂತ ಟೇಪ್. ಆದರೆ 3.5ಕ್ಕೂ ಬೆಂಬಲ ನಿಲ್ಲಿಸಲು ಮೈಕ್ರೋಸಾಫ್ಟ್ ತಾರೀಖು ಹಾಕಿದೆ: 2029ರ ಜನವರಿ 9. ಬೆಲ್ಲದ ಸೀಜನ್ ನಡುಮಧ್ಯೆ ಬೀಳುತ್ತದೆ ನೋಡಿ.

ಅದಕ್ಕೇ ಐದನೆಯದು ಶುರು ಮಾಡಿದ್ದೇನೆ. ಹುಡುಗನ ಮೂಲ ಕೋಡ್ ಅದೇ ಸಿಡಿಯಲ್ಲಿತ್ತು. ಫ್ರೇಮ್‌ವರ್ಕ್‌ನ ನಂತರ ಬಂದ ಹೊಸ ಡಾಟ್‌ನೆಟ್‌ನಲ್ಲಿ ಸೆಲ್ಫ್ ಕಂಟೇನ್ಡ್ ಅಂತ ಕಟ್ಟುವ ಪದ್ಧತಿ ಇದೆ. ರನ್‌ಟೈಮನ್ನು ಪ್ರೋಗ್ರಾಂ ತನ್ನ ಜೊತೆಗೇ ಹೊತ್ತು ತರುತ್ತದೆ, ವಿಂಡೋಸ್‌ನಲ್ಲಿ ಇದೆಯೋ ಇಲ್ಲವೋ ಕೇಳುವುದೇ ಇಲ್ಲ. ಮೊದಲಿದ್ದ ಪ್ರೋಗ್ರಾಂ ಒಂದು ಎಂಬಿಯೂ ಇರಲಿಲ್ಲ, ಇದು ನೂರು ದಾಟಿತು. ಇರಲಿ, ಡಿಸ್ಕ್‌ನಲ್ಲಿ ಜಾಗ ಇದೆ. ಆಕ್ಸೆಸ್ ಡೇಟಾಬೇಸ್ ಓದಿಕೊಡುವ ಹಳೇ ಜೆಟ್ ಡ್ರೈವರ್ 32 ಬಿಟ್ ಮಾತ್ರ, ಹಾಗಾಗಿ ಇದನ್ನೂ 32 ಬಿಟ್‌ಗೇ ಕಟ್ಟಬೇಕು. ಮೊದಲ ಸಲ ಮರೆತೆ, ಪ್ರೊವೈಡರ್ ಸಿಗಲಿಲ್ಲ ಅಂತ ಬೈಸಿಕೊಂಡೆ. ಕ್ರಿಸ್ಟಲ್ ರಿಪೋರ್ಟ್ಸ್ ಹೊಸ ಡಾಟ್‌ನೆಟ್‌ಗೆ ಬರುವುದೇ ಇಲ್ಲ, ತಿಂಗಳ ವರದಿ ಪೂರ್ತಿ ಹೊಸದಾಗಿ ಬರೆಯಬೇಕು. ಅದು ಆಮೇಲೆ.

ಸದ್ಯಕ್ಕೆ ಪಟ್ಟಿಯೊಂದನ್ನೇ ಹಿಡಿದಿದ್ದೇನೆ. ಹೋದ ಭಾನುವಾರ ಕಾಕಾ ತಾವೇ ಎರಡೂ ಹಾಳೆ ಟ್ಯೂಬ್‌ಲೈಟಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. ಹಮಾಲಿ ಸಾಲು ಇನ್ನೂ ಒಂದು ಅಕ್ಷರ ಬಲಕ್ಕಿದೆಯಂತೆ.