ಚೈನಾ ಅಲ್ಲದ ಸೀರಿಯಲ್ ಸೆಟ್ಟು ಹುಡುಕ್ಕೊಂಡು ಬಿವಿಕೆ ಅಯ್ಯಂಗಾರ್ ರಸ್ತೆಗೆ ಹೋಗಿದ್ದು

ಮೊದಲೇ ಹೇಳ್ಬಿಡ್ತೀನಿ, ನಾನು ತಂದ ಇಂಡಿಯಾದ ಸೀರಿಯಲ್ ಲೈಟ್ ಸೆಟ್ಟಿಗೆ ಐದಕ್ಕೆ ಮೂರೂವರೆ ಸ್ಟಾರ್. ಒಂದು ಸ್ಟಾರ್ ಹೋಗಿದ್ದು ಲೈಟು ಮಿನುಗಿಸೋ ಕಂಟ್ರೋಲರ್ ಡಬ್ಬಿಗೆ, ಇನ್ನರ್ಧ ಹೋಗಿದ್ದು ರಟ್ಟಿನ ಮೇಲೆ ದೊಡ್ಡದಾಗಿ ಹಾಕಿದ್ದ ಕೇಸರಿ ಬಿಳಿ ಹಸಿರು ಪಟ್ಟಿಗೆ. ಬ್ರ್ಯಾಂಡ್ ಹೆಸರು, ಅಂಗಡಿ ಹೆಸರು ಎರಡೂ ಹಾಕಲ್ಲ, ಯಾಕೆ ಅಂತ ಓದ್ತಾ ಗೊತ್ತಾಗುತ್ತೆ.

ಶುರುವಾಗಿದ್ದು ನಮ್ಮ ಲೇಔಟ್ ವಾಟ್ಸಾಪ್ ಗುಂಪಿಂದ. 2025ರ ದೀಪಾವಳಿಗೆ ಇನ್ನೂ ಹತ್ತು ದಿನ ಇರ್ಬೇಕಾದ್ರೇನೇ ಮೆಸೇಜು, ಈ ಸಲ ಯಾರೂ ಚೈನಾ ಲೈಟ್ ಹಾಕ್ಬಾರ್ದು ಅಂತ. ಇದೇ ಗುಂಪಲ್ಲಿ ಮೇ ತಿಂಗಳಲ್ಲಿ ಟರ್ಕಿ ಸೇಬು ತಿನ್ಬೇಡಿ ಅಂದಿದ್ರು, ಆಗಸ್ಟಲ್ಲಿ ಟ್ರಂಪ್ ನಮ್ಮ ಮಾಲಿಗೆ 50% ಸುಂಕ ಹಾಕಿದ್ಮೇಲೆ ಅಮೆರಿಕದ ಕೋಲಾ ಕುಡೀಬೇಡಿ ಅಂದಿದ್ರು, ಈಗ ವಾಪಸ್ ಚೈನಾ. ನಾನು ಬೊಮ್ಮಸಂದ್ರದ ಒಂದು ಫ್ಯಾಕ್ಟರೀಲಿ ಮೇಂಟೆನೆನ್ಸ್ ಎಲೆಕ್ಟ್ರಿಷಿಯನ್, ದಿನಾ ಬಿಚ್ಚಿ ಜೋಡಿಸೋ ಪ್ಯಾನೆಲ್‌ಗಳ ಒಳಗೆ ಏನೇನು ಎಲ್ಲೆಲ್ಲಿಂದ ಬಂದಿದೆ ಅಂತ ಗೊತ್ತಿರೋನು, ಹಾಗಾಗಿ ಇಂಥ ಮೆಸೇಜಿಗೆ ಸಾಮಾನ್ಯವಾಗಿ ಸುಮ್ನಿರ್ತೀನಿ. ಆದ್ರೆ ಚೈನಾ ಗಡಿಯ ಗಲ್ವಾನ್‌ನಲ್ಲಿ ನಮ್ಮ 20 ಜನ ಸೈನಿಕರು ಪ್ರಾಣ ಬಿಟ್ಟ 2020ರ ಜೂನ್ ನನಗೂ ಮರೆತಿಲ್ಲ. ಅದೂ ಅಲ್ದೆ ಮನೇಲಿದ್ದ ಹಳೇ ಚೈನಾ ಸೆಟ್ಟು ಹೋದ ವರ್ಷ ಬಾಲ್ಕನಿ ಗ್ರಿಲ್‌ಗೆ ಕರೆಂಟ್ ಕೊಟ್ಟು ನನ್ನ ಮಗನ್ನ ಬೆಚ್ಚಿಬೀಳಿಸಿತ್ತು. ಸರಿ, ಈ ಸಲ ಇಂಡಿಯಾದ್ದೇ ತರೋಣ ಅಂತ ಭಾನುವಾರ ಹೊರಟೆ.

ಹೆಬ್ಬಗೋಡೀಲಿ ಮೆಟ್ರೋ ಯೆಲ್ಲೋ ಲೈನ್ ಹತ್ತಿ ಆರ್‌ವಿ ರೋಡಲ್ಲಿ ಇಳಿದು ಗ್ರೀನ್ ಲೈನ್ ಹಿಡಿದು ಚಿಕ್ಕಪೇಟೆ. ಸೀಟು ಸಿಕ್ಕಿ ಕೂತ್ಮೇಲೆ ನೆನಪಾಯ್ತು, ಅಯ್ಯೋ, ಈ ರೈಲೇ ಚೈನಾದ್ದಲ್ವಾ. ಈ ಬೋಗಿಗಳ ಕಾಂಟ್ರ್ಯಾಕ್ಟು 2019ರಲ್ಲಿ ಸಿಆರ್‌ಆರ್‌ಸಿ ಅನ್ನೋ ಚೈನಾ ಕಂಪನಿಗೆ ಹೋಗಿತ್ತು, ಇಲ್ಲೇ ಫ್ಯಾಕ್ಟರಿ ಹಾಕಿ ಮಾಡ್ಕೊಡ್ಬೇಕು ಅನ್ನೋ ಕರಾರು. ಅವರು ಹಾಕ್ಲಿಲ್ಲ. ಗಡಿ ಗಲಾಟೆ ಆದ್ಮೇಲೆ ಅವರ ಇಂಜಿನಿಯರ್‌ಗಳಿಗೆ ವೀಸಾನೂ ಕಷ್ಟ ಆಯ್ತು. ಕೊನೆಗೆ ಕೋಲ್ಕತ್ತಾ ಹತ್ತಿರದ ಟಿಟಾಘರ್ ಕಂಪನಿ ಜೊತೆ ಸೇರ್ಕೊಂಡು, ಮೊದಲ ರೈಲು ಮಾತ್ರ ಚೈನಾದಿಂದ ಹಡಗಲ್ಲಿ ಚೆನ್ನೈಗೆ ಬಂದು 2024ರ ಫೆಬ್ರವರೀಲಿ ನಮ್ಮ ಹೆಬ್ಬಗೋಡಿ ಡಿಪೋ ಸೇರ್ತು. ಅಷ್ಟರತನಕ ಕಂಬ, ಹಳಿ ಇದ್ರೂ ರೈಲಿಲ್ಲ, ಕೆಳಗೆ ಹೊಸೂರು ರೋಡಲ್ಲಿ ಸಿಲ್ಕ್ ಬೋರ್ಡ್ ಜಾಮಲ್ಲಿ ನಾವು. 2025ರ ಆಗಸ್ಟ್ 10ಕ್ಕೆ ಉದ್ಘಾಟನೆ ಆದಾಗ ಮೂರೇ ರೈಲು, 25 ನಿಮಿಷಕ್ಕೊಂದು. ಈ ವಿಷಯದಲ್ಲಿ ಚೈನಾ ಎಷ್ಟು ಕಳ್ಕೊಂಡ್ತೋ, ಜಾಮಲ್ಲಿ ಕೂತು ಕಳ್ಕೊಂಡಿದ್ದಂತೂ ನಾನೇ.

ಇರ್ಲಿ, ಅಂಗಡಿ ವಿಷಯಕ್ಕೆ ಬರ್ತೀನಿ. ಬಿವಿಕೆ ಅಯ್ಯಂಗಾರ್ ರಸ್ತೇಲಿ ಲೈಟಿನಂಗಡಿಗಳು ಸಾಲಾಗಿವೆ, ಹಬ್ಬದ ಟೈಮಲ್ಲಿ ಕಾಲಿಡಕ್ಕೆ ಜಾಗ ಇರಲ್ಲ. ನಾನು ಹೋದ ಅಂಗಡಿ ಚಿಕ್ಕದು, ಯಜಮಾನ್ರು ಮಾರವಾಡಿ, ಕನ್ನಡ ನನಗಿಂತ ಚೆನ್ನಾಗಿ ಮಾತಾಡ್ತಾರೆ. ಸರ್ವಿಸ್‌ಗೆ ಐದಕ್ಕೆ ಐದು. ಹತ್ತು ಮೀಟರ್‌ದು ಎರಡು ತೆಗೆದಿಟ್ರು, ಚೈನಾದ್ದು 120, ಇಂಡಿಯಾದ್ದು 280. ಎರಡನ್ನೂ ಪ್ಲಗ್ಗಿಗೆ ಹಾಕಿ ತೋರಿಸಿದ್ರು. ನಾನು ಜೇಬಿಂದ ಅಯಸ್ಕಾಂತ ತೆಗೆದು ವೈರಿಗೆ ಹಿಡಿದೆ (ಇದು ನನ್ನ ಹಳೇ ಚಾಳಿ, ತಾಮ್ರ ಆದ್ರೆ ಅಂಟಲ್ಲ, ಕಬ್ಬಿಣಕ್ಕೆ ತಾಮ್ರದ ಲೇಪ ಕೊಟ್ಟಿದ್ರೆ ಅಂಟುತ್ತೆ), ಚೈನಾದ್ದು ಟಕ್ ಅಂತ ಅಂಟ್ಕೊಳ್ತು, ಇಂಡಿಯಾದ್ದು ಇಲ್ಲ. ಯಜಮಾನ್ರು ನಕ್ಕು, ಆ ಅಯಸ್ಕಾಂತ ಎಲ್ಲೀದು ಸಾರ್ ಅಂದ್ರು. ಹಳೇ ಹಾರ್ಡ್ ಡಿಸ್ಕಿಂದ ಕಿತ್ತಿದ್ದು. ಇಂಥ ಜೋರಿನ ಅಯಸ್ಕಾಂತ ಎಲ್ಲೀದು ಅಂತ ನಮ್ಮ ವಾಹನ ಕಂಪನಿಗಳನ್ನ ಕೇಳ್ಬೇಕು, 2025ರ ಏಪ್ರಿಲಲ್ಲಿ ಚೈನಾ ಅದರ ರಫ್ತಿಗೆ ಕಡಿವಾಣ ಹಾಕಿದಾಗ ಇವರೆಲ್ಲ ಒದ್ದಾಡಿದ್ರು. ಬೇಡ ಅನ್ನೋಕೆ ನಮಗೊಬ್ಬರಿಗೇ ಬರೋದಲ್ಲ, ಅವರಿಗೂ ಬರುತ್ತೆ.

ನಾನು ಕೇಳ್ದೆ, ಯಜಮಾನ್ರೇ, ಈ ಚೈನಾ ಮಾಲು ಬೇಡ ಅನ್ನೋ ಗಲಾಟೆಯಿಂದ ನಿಮಗೇನಾಯ್ತು ಅಂತ. ಅವರು ಹೇಳಿದ್ದು ಇಷ್ಟು: "ಹಬ್ಬದ ಮಾಲಿಗೆ ಜೂನ್ ಜುಲೈಲೇ ದುಡ್ಡು ಕಟ್ಟಿರ್ತೀವಿ ಸಾರ್. ನೀವು ಇವತ್ತು ಬೇಡ ಅಂದ್ರೆ ಚೈನಾದೋನಿಗೆ ಏನಾಗುತ್ತೆ, ಅವನು ದುಡ್ಡೆಣಿಸಿ ಮಲಗಿರ್ತಾನೆ. ಇಲ್ಲಿ ಧೂಳು ಹಿಡಿಯೋದು ನನ್ನ ಮಾಲು." 2020ರಲ್ಲಿ ಅವರ ಗೋಡೌನಲ್ಲಿ ಉಳಿದ ಪೆಟ್ಟಿಗೆಗಳು ಖಾಲಿ ಆಗಕ್ಕೆ ಎರಡು ವರ್ಷ ಹಿಡೀತಂತೆ. ನನಗೆ ಆಗ ಸೂರತ್‌ನಲ್ಲಿ ಬಾಲ್ಕನಿಯಿಂದ ಚೈನಾ ಟೀವಿ ಎಸೆದಿದ್ರಲ್ಲ, ಆ ವಿಡಿಯೋ ಜ್ಞಾಪಕ ಬಂತು, ಅದಕ್ಕೂ ಅಷ್ಟೇ ತಾನೆ, ದುಡ್ಡು ಯಾವಾಗ್ಲೋ ಹೋಗಿತ್ತು, ಟೀವೀನೂ ಹೋಯ್ತು. ಆದ್ರೆ ಯಜಮಾನ್ರು ಇನ್ನೊಂದು ಮಾತೂ ಸೇರಿಸಿದ್ರು, ಅದನ್ನ ಮುಚ್ಚಿಟ್ರೆ ತಪ್ಪಾಗುತ್ತೆ: ಆ ಏಟು ಬಿದ್ದ ಮೇಲೇನೇ ಅವರು ಇಂಡಿಯಾದ ಸೆಟ್ಟು ಇಡಕ್ಕೆ ಶುರು ಮಾಡಿದ್ದು. ಅದಕ್ಕೆ ಮುಂಚೆ ಕೇಳೋರೇ ಇರ್ಲಿಲ್ಲ. ಅಂದ್ರೆ ಬೇಡ ಅಂದಿದ್ದಕ್ಕೆ ಏನೂ ಆಗಲ್ಲ ಅಂತಲ್ಲ, ಆಗುತ್ತೆ, ಆದ್ರೆ ನಿಧಾನಕ್ಕೆ, ಮತ್ತೆ ಅದರ ಖರ್ಚು ಮೊದಲು ಬೀಳೋದು ಇಂಥೋರ ಮೇಲೆ.

ಮನೆಗೆ ತಂದು ಬಿಚ್ಚಿದೆ, ಬಿಚ್ದೆ ಇರಕ್ಕಾಗಲ್ಲ ನನಗೆ. ಒಳ್ಳೇದು ಮೊದಲು. ಪಿನ್ನು ನಮ್ಮ ಸಾಕೆಟ್ಟಿಗೆ ಗಟ್ಟಿಯಾಗಿ ಕೂರುತ್ತೆ, ಚೈನಾದ್ದರ ಚಪ್ಪಟೆ ಪಿನ್ನು ಅಲ್ಲಾಡಿ ಕಿಡಿ ಹಾರ್ಸೋ ಹಂಗಲ್ಲ. ಪ್ರತಿ ಎಲ್‌ಇಡಿ ಬುಡಕ್ಕೂ ಸ್ಲೀವ್ ಹಾಕಿದಾರೆ. ಇದು ಮುಖ್ಯ ಕಣ್ರೀ, ಯಾಕಂದ್ರೆ ಇವುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರಲ್ಲ, ಒಂದೊಂದಕ್ಕೆ ಸುಮಾರು 3 ವೋಲ್ಟ್ ಬೇಕಾಗೋ ಬಿಳಿ ಎಲ್‌ಇಡಿಗಳನ್ನ ಸಾಲಾಗಿ ಕಟ್ಟಿ ಸೀದಾ 230 ವೋಲ್ಟಿಗೆ ಹಾಕಿರ್ತಾರೆ, ಜಾಯಿಂಟ್ ಬಿಚ್ಕೊಂಡು ಗ್ರಿಲ್‌ಗೆ ತಾಗಿದ್ರೆ ಕಥೆ ಮುಗೀತು. ಡಬ್ಬದ ಮೇಲೆ ಬಿಐಎಸ್ (ಸರ್ಕಾರದ ಗುಣಮಟ್ಟದ) ಮಾರ್ಕು, ಆರ್ ನಂಬರ್ ಅನ್ನೋ ನೋಂದಣಿ ಸಂಖ್ಯೆ ಇತ್ತು, ಬಿಐಎಸ್ ಕೇರ್ ಆ್ಯಪಲ್ಲಿ ನಂಬರ್ ಹೊಡೆದು ನೋಡ್ದೆ, ತಯಾರಕನ ಹೆಸರು ಹೊಂದ್ತು. ನೀವೂ ಅಂಗಡೀಲೇ ನಿಂತು ನೋಡಿ, ಎರಡು ನಿಮಿಷದ ಕೆಲಸ.

ಇನ್ನು ಕಂಟ್ರೋಲರ್. ಎಂಟು ಥರ ಮಿನುಗುತ್ತೆ ಅಂತ ಬರ್ದಿದೆ, ಅದರಲ್ಲಿ ಮೂರಂತೂ ಒಂದೇ ಥರ. ಸ್ಕ್ರೂ ತೆಗೆದು ನೋಡಿದ್ರೆ ಒಳಗೆ ಪುಟ್ಟ ಬೋರ್ಡು, ಮಧ್ಯೆ ಕಪ್ಪು ಅಂಟಿನ ಹನಿ, ಅದರಡೀಲಿ ಐಸಿ, ಬೋರ್ಡಿನ ಅಂಚಲ್ಲಿ ಚೈನಾ ಅಕ್ಷರ. 120 ರೂಪಾಯಿ ಸೆಟ್ಟಿನ ಡಬ್ಬೀಲೂ ಇದೇ ಥರದ ಬೋರ್ಡು. ಎಲ್‌ಇಡಿ ಒಳಗಿನ ಚಿಪ್ಪೂ ಹೊರಗಿಂದ ಬಂದಿದ್ದೇ ಇರ್ಬೇಕು. ಹಾಗಾದ್ರೆ ನಾನು 160 ರೂಪಾಯಿ ಜಾಸ್ತಿ ಕೊಟ್ಟಿದ್ದು ಯಾವುದಕ್ಕೆ? ವೈರು, ಪಿನ್ನು, ಸ್ಲೀವು, ಇಲ್ಲಿ ಯಾರೋ ಕೂತು ಬೆಸುಗೆ ಹಾಕಿದ ಕೂಲಿ. ನನ್ನ ಲೆಕ್ಕದಲ್ಲಿ ಅದು ದಂಡ ಅಲ್ಲ, ಕೊಡೋಕೆ ತಕ್ಕುದೇ. ಆದ್ರೆ ಅಷ್ಟಕ್ಕೆ ಅಷ್ಟು ದೊಡ್ಡ ಬಾವುಟದ ಪಟ್ಟಿ ಬೇಕಿರ್ಲಿಲ್ಲ, ಇಲ್ಲಿ ಜೋಡಿಸಿದ್ದು ಅಂತ ಬರೆದಿದ್ರೆ ಸಾಕಿತ್ತು. ಇದೊಂದು ಡಬ್ಬಿ ಕಥೆ ಅಲ್ಲ, ಚೈನಾದಿಂದ ನಮ್ಮ ಆಮದು 2020–21ರಲ್ಲಿ ಸುಮಾರು 6,500 ಕೋಟಿ ಡಾಲರ್ ಇದ್ದಿದ್ದು 2024–25ಕ್ಕೆ 11,300 ಕೋಟಿ ಡಾಲರ್ ದಾಟಿದೆ. ಚೈನಾದ 59 ಆ್ಯಪ್ ಬ್ಯಾನ್ ಆಗಿ, ಐಪಿಎಲ್ ಹೆಸರಿಂದ ಚೈನಾ ಮೊಬೈಲ್ ಕಂಪನಿ ವಿವೋ ಹೋಗಿ, ಮಾರನೇ ವರ್ಷ ವಾಪಸ್ ಬಂದು ಮತ್ತೆ ಹೋಗಿ, ಇಷ್ಟೆಲ್ಲ ನಡೀತಿರ್ಬೇಕಾದ್ರೇನೇ ಪೆಟ್ಟಿಗೆಗಟ್ಟಲೆ ಬಿಡಿಭಾಗ ಬಂದರಿಗೆ ಇಳೀತಾನೇ ಇತ್ತು.

ನಮ್ಮಮ್ಮ ಇದನ್ನೆಲ್ಲ ಕೇಳಿ, ಲೈಟಿಗೆ ಇಷ್ಟು ಪಂಚಾಯ್ತಿ ಮಾಡ್ತೀರಲ್ಲ, ರೇಷ್ಮೆ ಗೂಡಿಗೆ ಯಾರು ಮಾಡಿದ್ರಪ್ಪ ಅಂದ್ರು. ಅಮ್ಮನ ತವರು ಕನಕಪುರದ ಕಡೆ, ಸೋದರಮಾವ ರೇಷ್ಮೆ ಸಾಕ್ತಿದ್ರು. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆ ಮೇಲಿನ ಆಮದು ಸುಂಕ 30%ರಿಂದ 5%ಗೆ ಇಳಿಸಿದ್ರು, ಚೈನಾ ನೂಲು ಅಗ್ಗಕ್ಕೆ ಬಂತು, ರಾಮನಗರ ಮಾರ್ಕೆಟ್ಟಲ್ಲಿ ಗೂಡಿನ ರೇಟು ಬಿದ್ದೋಯ್ತು. ಚಂದ್ರಂಕಿಯಿಂದ (ಹುಳ ಗೂಡು ಕಟ್ಟೋ ತಟ್ಟೆ) ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿ ಬಂದ ಮಾವ, ಸೊಪ್ಪಿನ ಕೂಲಿನೂ ಹುಟ್ಲಿಲ್ಲ ಅಂತ ಅಮ್ಮನ ಹತ್ರ ಹೇಳಿದ್ದು ನಾನೇ ಕೇಳಿದೀನಿ. ಆಮೇಲೆ 2013ರಲ್ಲಿ ಸುಂಕ 15%ಗೆ ಏರಿಸಿದ್ರು, ಅಷ್ಟೊತ್ತಿಗೆ ಮಾವ ಹಿಪ್ಪುನೇರಳೆ ಕಿತ್ತು ಬಾಳೆ ಹಾಕಿದ್ರು. ಆಗ ಯಾವ ಗುಂಪಲ್ಲೂ ಚೈನಾ ನೂಲಿನ ಸೀರೆ ಉಡ್ಬೇಡಿ ಅಂತ ಬರ್ಲಿಲ್ಲ, ಬಂದಿದ್ರೂ ಸೀರೆ ಕೈಲಿ ಹಿಡ್ಕೊಂಡು ಒಳಗಿನ ನೂಲು ರಾಮನಗರದ್ದಾ ಚೈನಾದ್ದಾ ಅಂತ ಹೇಳೋರು ಯಾರು, ಅದಕ್ಕೆ ಅಯಸ್ಕಾಂತನೂ ಇಲ್ಲ. ಅಲ್ಲಿ ಬೇಕಿದ್ದಿದ್ದು ಸುಂಕ, ಅದು ನನ್ನ ಕೈಲಿರೋದಲ್ಲ, ಡೆಲ್ಲೀಲಿ ಕೂತಿರೋರ ಕೈಲಿರೋದು. ಅದಕ್ಕೇ ವಾಟ್ಸಾಪಲ್ಲಿ ಗ್ರಾಹಕರಿಗೆ ಮಾತ್ರ ದೇಶಭಕ್ತಿ ಪಾಠ ಬಂದಾಗ ನನಗೆ ಸ್ವಲ್ಪ ಉರಿಯುತ್ತೆ.

ಗುಂಪಿಗೆ ನಾನು ಹಾಕಿದ ಉತ್ತರ ಚಿಕ್ಕದು: ಇಂಡಿಯಾದ್ದು ತಗೊಳ್ಳಿ, ವೈರು ಚೆನ್ನಾಗಿದೆ, ಮಕ್ಕಳಿರೋ ಮನೆಗೆ ಸೇಫು, ಹಳೇ ಚೈನಾ ಸೆಟ್ಟು ಸರಿಯಾಗಿದ್ರೆ ಎಸೀಬೇಡಿ, ಅಂಗಡಿಯೋನ ಹತ್ರ ಜಗಳ ಆಡ್ಬೇಡಿ. ಎರಡು ಲೈಕು ಬಂತು, ಒಬ್ಬರು ಬಾವುಟದ ಸ್ಟಿಕ್ಕರ್ ಹಾಕಿದ್ರು.

ಹಬ್ಬದ ದಿನ ಸಂಜೆ ಮಳೆ ಹುಯ್ತು. ಸೆಟ್ಟು ನೆನೆದ್ರೂ ಟೆಸ್ಟರ್ ಇಟ್ಟು ನೋಡಿದ್ರೆ ಗ್ರಿಲ್‌ನಲ್ಲಿ ಕರೆಂಟಿಲ್ಲ. ಮೂರನೇ ದಿನಕ್ಕೆ ಕಂಟ್ರೋಲರ್ ಕೈಕೊಟ್ಟು ಮಿನುಗೋದು ನಿಂತು ಎಲ್ಲಾ ಒಟ್ಟಿಗೆ ಉರೀತಾವೆ. ನಮ್ಮನೆಯವಳಿಗೆ ಅದೇ ಇಷ್ಟ ಆಯ್ತು, ಬದಲಾಯಿಸ್ಕೊಂಡು ಬರೋಕೆ ಬಿಡ್ತಿಲ್ಲ, ತುಳಸಿ ಹಬ್ಬದವರೆಗೂ ಹಿಂಗೇ ಇರ್ಲಿ ಅಂತಾಳೆ.