ಟರಾಂಟುಲಾ ಡಬ್ಬಿಗೆ 650 ಗ್ರಾಮಿನ ಕೋಕೋಪೀಟ್ ಇಟ್ಟಿಗೆ: ನುಸಿಯ ಕಾಟ ಇರುವವರು ಕೊಳ್ಳಬಹುದೇ?

ಕಾಸರಗೋಡು, ಕುಂಬಳೆ, ಬದಿಯಡ್ಕದ ಕಡೆಯ ಗಿಡದ ಅಂಗಡಿಗಳಲ್ಲಿ ತೆಂಗಿನ ನಾರಿನ ಹುಡಿ ಮೂರು ರೂಪದಲ್ಲಿ ಸಿಗುತ್ತದೆ. ಒತ್ತಿ ಗಟ್ಟಿ ಮಾಡಿದ 650 ಗ್ರಾಮಿನ ಇಟ್ಟಿಗೆ, 5 ಕಿಲೋದ ದೊಡ್ಡ ಗಟ್ಟಿ, ಮತ್ತೆ ಗೋಣಿಯಿಂದ ಬಿಡಿಯಾಗಿ ತುಂಬಿಸಿ ಕೊಡುವ ಒದ್ದೆ ಹುಡಿ. ಕೋಕೋಪೀಟ್ ಅಂದರೂ ಆಗುತ್ತದೆ, ಮಲಯಾಳದಲ್ಲಿ ಚಕಿರಿಚ್ಚೋರ್ ಅಂದರೆ ಇನ್ನೂ ಬೇಗ ಕೈಗೆ ಬರುತ್ತದೆ. ಟರಾಂಟುಲಾ ಎಂಬ ದೊಡ್ಡ ಜೇಡವನ್ನು ಸಾಕುವವರಿಗೆ ಡಬ್ಬಿಯ ಅಡಿಗೆ ಹಾಸಲು ಲಾಯಕ್ಕಾದದ್ದು ಒಣ ಇಟ್ಟಿಗೆ. ನೂರು ರೂಪಾಯಿಯ ಆಸುಪಾಸಿನ ಈ ವಸ್ತುವಿಗೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ಕಳೆದ ಒಂದು ಅಂಕ ಲೇಬಲ್ಲಿನ ಮೇಲೆ ಬರೆದ ನೀರಿನ ಅಳತೆಗೆ.

ನುಸಿ (ಮೈಟ್) ಇಟ್ಟಿಗೆಯಿಂದ ಬರುವುದು ಅಪರೂಪ. ಡಬ್ಬಿಯಲ್ಲಿ ಬಿಳಿ ರವೆಯ ಹಾಗೆ ಹರಿದಾಡುವವು ಹೆಚ್ಚಾಗಿ ಧಾನ್ಯದ ನುಸಿ, ಬೂಷ್ಟಿನ ನುಸಿ. ಜೇಡದ ಮೇವಿಗೆಂದು ಸಾಕುವ ಮೀಲ್‌ವರ್ಮ್ ಹುಳದ ತವುಡು, ಕ್ರಿಕೆಟ್ ಹುಳದ ಡಬ್ಬಿ, ಜೇಡ ತಿಂದು ಬಿಟ್ಟ ಜಿರಳೆಯ ಚೂರು, ಇವೇ ಅವುಗಳ ಮೂಲ. ಇವು ಟರಾಂಟುಲಾದ ರಕ್ತ ಹೀರುವುದಿಲ್ಲ. ಆದರೆ ಸಂಖ್ಯೆ ಮಿತಿಮೀರಿದರೆ ಬಾಯಿಯ ಸುತ್ತಲಿನ ತೇವಕ್ಕೆ, ಕಾಲಿನ ಸಂದಿಗೆ, ಹೊಟ್ಟೆಯಡಿಯ ನಾಲ್ಕು ಉಸಿರಾಟದ ಸೀಳುಗಳಿಗೆ ಮುತ್ತಿಕೊಂಡು ಜೇಡವನ್ನು ಹೈರಾಣು ಮಾಡುತ್ತವೆ. ತೆಂಗಿನ ನುಸಿ ನಾರಿನೊಂದಿಗೆ ಬಂದೀತೇ ಎಂಬ ಅನುಮಾನ ಈ ಭಾಗದಲ್ಲಿ ಸಹಜ. 1998ರ ಹೊತ್ತಿಗೆ ಕೇರಳದಲ್ಲಿ ಕಾಣಿಸಿಕೊಂಡ ಆ ಜಾತಿ ಮಿಡಿಯ ತೊಟ್ಟಿನಡಿಯಲ್ಲಿ ರಸ ಹೀರಿ ಬದುಕುವಂಥದ್ದು, ಒಣ ನಾರಿನಲ್ಲಿ ಅದಕ್ಕೆ ಆಹಾರವೇ ಇಲ್ಲ. ಆ ಭಯ ಬೇಡ.

ಹಾಗಾದರೆ ಇಟ್ಟಿಗೆಯ ಪಾತ್ರ ಏನು? ತೇವ. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಸುರಿಯುವ ಊರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೇ ಬೂಷ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ ಡಬ್ಬಿಯ ಅಡಿ ಹೇಳಬೇಕೇ! ಲೇಬಲ್ಲು ಹೇಳುವಂತೆ ನಾಲ್ಕು ಲೀಟರ್ ನೀರು ಹಾಕಿದರೆ ಇಟ್ಟಿಗೆ ಉಬ್ಬಿ ಎಂಟೊಂಬತ್ತು ಲೀಟರ್ ಹುಡಿಯಾಗುತ್ತದೆ. ಅದು ಗಿಡಕ್ಕೆ ಹೇಳಿದ ಲೆಕ್ಕ. ಆ ಹುಡಿಯ ಮೇಲ್ಪದರ ಎರಡೇ ದಿನದಲ್ಲಿ ಒಣಗಿದಂತೆ ಕಂಡರೂ ಅಡಿಯಲ್ಲಿ ವಾರಗಟ್ಟಲೆ ಪಸೆ ನಿಂತಿರುತ್ತದೆ. ಪಸೆ ಇದ್ದಲ್ಲಿ ಬೂಷ್ಟು, ಬೂಷ್ಟು ಇದ್ದಲ್ಲಿ ನುಸಿ.

ಬ್ರಾಕಿಪೆಲ್ಮಾ, ಗ್ರಾಮೋಸ್ಟೋಲಾದಂಥ ಒಣ ಜಾಗದ ಜಾತಿಗಳಿಗೆ ಒಂದು ಇಟ್ಟಿಗೆಗೆ ಒಂದೂವರೆ ಲೀಟರ್ ಬಿಸಿನೀರು ಧಾರಾಳ. ಇಟ್ಟಿಗೆಯನ್ನು ಮೊದಲು ಸುತ್ತಿಗೆಯಿಂದ ನಾಲ್ಕು ತುಂಡು ಮಾಡಿ, ಬಕೆಟಿಗೆ ಹಾಕಿ, ನೀರನ್ನು ಎಲ್ಲ ಕಡೆ ಸಮನಾಗಿ ಸುರಿದು, ಮುಚ್ಚಳ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕೈಯಲ್ಲಿ ತಿಕ್ಕಿದರೆ ಉದುರುತ್ತದೆ. ಉದುರದ ಗಂಟುಗಳಿಗೆ ಅರ್ಧ ಲೋಟ ನೀರು ಸಾಕು. ಥೆರಾಫೋಸಾದಂಥ ತೇವ ಬೇಡುವ ಜಾತಿಗಳಿಗೆ ಪೂರ್ತಿ ನೀರು ಹಾಕಿ ಆಮೇಲೆ ಹಿಂಡಬೇಕು. ಮುಷ್ಟಿಯಲ್ಲಿ ಬಲವಾಗಿ ಒತ್ತಿದಾಗ ಉಂಡೆ ಆಗಬೇಕು, ಬೆರಳ ಸಂದಿಯಿಂದ ಒಂದು ಹನಿಯೂ ಬೀಳಬಾರದು.

ಕ್ರಿಮಿರಹಿತ ಎಂದು ಲೇಬಲ್ಲಿನಲ್ಲಿ ಏನೇ ಬರೆದಿರಲಿ, ಹುಡಿಯನ್ನು ಹಬೆಯಲ್ಲಿ ಬೇಯಿಸದೆ ಡಬ್ಬಿಗೆ ಹಾಕಬೇಡಿ. ಹಳೆಯ ಅಟ್ಟಿನಳಗೆ (ಹಬೆಯಲ್ಲಿ ಬೇಯಿಸುವ ಪಾತ್ರೆ) ಇದ್ದರೆ ಅದನ್ನೇ ಈ ಕೆಲಸಕ್ಕೆ ಎತ್ತಿಡಬಹುದು. ಬಟ್ಟೆ ಹಾಸಿ ಹುಡಿ ತುಂಬಿ, ಹಬೆ ಬರಲು ಶುರುವಾದ ಮೇಲೆ ಅರ್ಧ ಗಂಟೆ. ನಡುವಿನ ಹುಡಿಯೂ 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ನುಸಿಯೂ ಮೊಟ್ಟೆಯೂ ಉಳಿಯುವುದಿಲ್ಲ. ಹುಡಿಯನ್ನು ಒತ್ತಿ ತುಂಬಿದರೆ ಹಬೆ ಒಳಗೆ ಹೋಗದೆ ನಡುಭಾಗ ತಣ್ಣಗೇ ಉಳಿಯುತ್ತದೆ, ಸಡಿಲವಾಗಿರಲಿ. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಾದರೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಎರಡು ಇಂಚು ದಪ್ಪಕ್ಕೆ ಹರಡಿ ಅಂಗಳದಲ್ಲಿ ಎರಡು ಮೂರು ದಿನ ಇಟ್ಟರೂ ಆದೀತು. ಮಳೆಗಾಲದಲ್ಲಿ ಆ ಉಪಾಯ ನಂಬಬೇಡಿ.

ಗೋಣಿಯ ಹುಡಿ ಬೇಡ ಅನ್ನಲು ಬೇರೆಯೇ ಕಾರಣ. ಅದರಲ್ಲಿ ಬೇವಿನ ಹಿಂಡಿ, ಎರೆಗೊಬ್ಬರ, ಟ್ರೈಕೋಡರ್ಮಾ ಬೆರೆಸಿ ಮಾರುವ ರೂಢಿ ಇದೆ. ಅಂಗಡಿಯವರ ತಪ್ಪಲ್ಲ, ಅದು ಗಿಡಕ್ಕೆಂದೇ ಮಾಡಿದ್ದು. ಬೇವಿನ ಅಂಶ ಕೀಟಗಳ ಪೊರೆ ಕಳಚುವ ಕ್ರಿಯೆಯನ್ನೇ ಕೆಡಿಸುವಂಥದ್ದು, ಪೊರೆ ಕಳಚಿ ಬೆಳೆಯುವ ಜೇಡದ ಹತ್ತಿರ ಅದನ್ನು ತರಲೇಬಾರದು. ಟ್ರೈಕೋಡರ್ಮಾ ಒಂದು ಶಿಲೀಂಧ್ರ, ಬೂಷ್ಟಿನ ನುಸಿಗೆ ಅದು ಹಬ್ಬದೂಟ. ಅಣಬೆ ಮತ್ತು ಯೂರಿಯಾ ಹಾಕಿ ಕಾಂಪೋಸ್ಟ್ ಮಾಡಿದ ನಾರಿನ ಹುಡಿಗೂ ಇದೇ ಮಾತು. ಕೊಳ್ಳುವಾಗ ಮೂಸಿ ನೋಡಿ: ಬರೀ ಕೋಕೋಪೀಟಿಗೆ ಒಣ ನಾರಿನ ವಾಸನೆ ಬಿಟ್ಟರೆ ಬೇರೆ ಇರಬಾರದು.

ಇಟ್ಟಿಗೆಯದೇ ದೋಷಗಳೂ ಉಂಟು. ಉಪ್ಪುನೀರಿನಲ್ಲಿ ಕೊಳೆಸಿದ ಸಿಪ್ಪೆಯ ಹುಡಿಯನ್ನು ಸರಿಯಾಗಿ ತೊಳೆಯದೆ ಒತ್ತಿದ್ದರೆ, ಒಣಗುವಾಗ ಮೇಲೆ ಬಿಳಿ ಪುಡಿ ಮೂಡುತ್ತದೆ. ಇದನ್ನು ನುಸಿಯೆಂದು ತಿಳಿದು ಡಬ್ಬಿ ಬುಡಮೇಲು ಮಾಡುವವರಿದ್ದಾರೆ. ಒದ್ದೆ ಬೆರಳಿಂದ ಮುಟ್ಟಿ: ಉಪ್ಪು ಕರಗುತ್ತದೆ. ಬೂಷ್ಟು ಎಳೆಯಾಗಿ ಅಂಟಿಕೊಳ್ಳುತ್ತದೆ. ನುಸಿಯನ್ನು ಹತ್ತು ಪಟ್ಟಿನ ಮಸೂರದಡಿ ನೋಡಿದರೆ ದುಂಡು ಬೆನ್ನು, ನಿಧಾನದ ನಡಿಗೆ. ಊದಿದಾಗ ಚಿಮ್ಮಿದರೆ ಅದು ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಜೀವಿ, ಅದು ಬೂಷ್ಟು ತಿಂದು ಉಪಕಾರವನ್ನೇ ಮಾಡುತ್ತದೆ, ಇರಲಿ ಬಿಡಿ. ಲೇಬಲ್ಲಿನಲ್ಲಿ "ತೊಳೆದದ್ದು" ಅಥವಾ "ಲೋ ಇ.ಸಿ." (ಅಂದರೆ ಉಪ್ಪಿನ ಅಂಶ ಕಡಿಮೆ) ಎಂದಿರುವ ಇಟ್ಟಿಗೆಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಇನ್ನೊಂದು ದೋಷ, ಒಣಗಿದ ಹುಡಿಯಲ್ಲಿ ಬಿಲ ನಿಲ್ಲುವುದಿಲ್ಲ. ಮೂರು ಪಾಲು ಹುಡಿಗೆ ಒಂದು ಪಾಲು ಜರಡಿ ಹಿಡಿದ ಮುರಕಲ್ಲಿನ ಮಣ್ಣು ಬೆರೆಸಿದರೆ ನಿಲ್ಲುತ್ತದೆ. ಅಡಿಕೆ ತೋಟದ ಮಣ್ಣು ಮಾತ್ರ ಬೇಡ. ಕೊಳೆರೋಗಕ್ಕೆಂದು ವರ್ಷವರ್ಷವೂ ಬಿಟ್ಟ ಬೋರ್ಡೋ ದ್ರಾವಣದ ತಾಮ್ರ ಅದರಲ್ಲಿ ಕೂತಿರುತ್ತದೆ.

ಈಗಾಗಲೇ ನುಸಿ ಹತ್ತಿದ ಡಬ್ಬಿಗೆ ಹೊಸ ಇಟ್ಟಿಗೆ ಸುರಿದರೆ ಪ್ರಯೋಜನವಿಲ್ಲ. ಜೇಡವನ್ನು ಬೇರೆ ಡಬ್ಬಿಗೆ ಸಾಗಿಸಿ, ಅಡಿಗೆ ಒಣ ಟಿಶ್ಯೂ ಕಾಗದ, ಒಂದು ನೀರಿನ ಬಟ್ಟಲು, ಗಾಳಿಯಾಡಲು ಸಾಕಷ್ಟು ತೂತು. ಕಾಗದ ಎರಡು ದಿನಕ್ಕೊಮ್ಮೆ ಬದಲಿಸುತ್ತ ಏಳೆಂಟು ದಿನ ಇಡಿ. ಬೆಳೆದ ಜೇಡಕ್ಕೆ ಅಷ್ಟು ದಿನ ಆಹಾರ ಬೇಡ, ನೀರು ಬೇಕೇ ಬೇಕು. ಮರಿಗಳು ಅಷ್ಟು ಒಣ ತಡೆಯುವುದಿಲ್ಲ, ಒಂದು ಮೂಲೆ ಒದ್ದೆ ಇರಲಿ. ಪೊರೆ ಕಳಚುವ ಹೊತ್ತು ಹತ್ತಿರವಿದ್ದರೆ, ಅಥವಾ ಕಳಚಿ ಮೈ ಇನ್ನೂ ಗಟ್ಟಿಯಾಗಿಲ್ಲದಿದ್ದರೆ ಮುಟ್ಟದೆ ಕಾಯುವುದೇ ಲೇಸು. ಹೊರಪೊರೆಗೆ ಹತ್ತಿದ ನುಸಿ ಪೊರೆಯೊಂದಿಗೇ ಹೋಗುತ್ತದೆ. ಹಳೆಯ ಹುಡಿಯನ್ನು ಪೂರ್ತಿ ಹೊರಗೆ ಹಾಕಿ, ಡಬ್ಬಿಯನ್ನು ಕುದಿನೀರಿನಲ್ಲಿ ತೊಳೆದು ಒಣಗಿಸಿ. ಮರದ ತೊಗಟೆ ಇದ್ದರೆ ಎಸೆಯಿರಿ, ಅದರ ಬಿರುಕಿನಲ್ಲಿ ಒಣಗನ್ನು ಸಹಿಸುವ ಹಂತದ ನುಸಿ ಉಳಿದುಬಿಡುತ್ತದೆ. ಮೈಮೇಲಿನವನ್ನು ತೆಗೆಯಲೇಬೇಕಿದ್ದರೆ ಮೆತ್ತನೆಯ ಚಿತ್ರದ ಬ್ರಶ್ಶಿನ ತುದಿಗೆ ತೀರಾ ತೆಳುವಾಗಿ ವ್ಯಾಸಲೀನ್ ಹಚ್ಚಿ ಒಂದೊಂದನ್ನೇ ಎತ್ತಿ, ಉಸಿರಾಟದ ಸೀಳಿಗೆ ತಾಗಿಸದೆ.

ನಾಯಿಯ ಉಣ್ಣಿಗೆ ಹೊಡೆಯುವ ಸ್ಪ್ರೇ ಇದಕ್ಕೂ ಆಗುತ್ತದೆಂದು ಯಾರಾದರೂ ಹೇಳಿದರೆ ಕೇಳಬೇಡಿ. ಉಣ್ಣಿ, ನುಸಿ, ಜೇಡ ಮೂರೂ ಒಂದೇ ವರ್ಗದವು, ಒಂದನ್ನು ಕೊಲ್ಲುವ ಮದ್ದು ಇನ್ನೊಂದನ್ನು ಬಿಡುವುದಿಲ್ಲ. ಸೊಳ್ಳೆಬತ್ತಿಯನ್ನೂ ಜೇಡ ಇರುವ ಕೋಣೆಯಲ್ಲಿ ಹಚ್ಚಬಾರದು.

ಹೊಸ ಹುಡಿ ಹಾಕಿ ವಾರದ ಮೇಲೆ ಒಂದು ಸೌತೆಕಾಯಿ ಹೋಳನ್ನು ರಾತ್ರಿ ಇಟ್ಟು ಬೆಳಿಗ್ಗೆ ಅಡಿಭಾಗ ನೋಡಿ. ನುಸಿ ಉಳಿದಿದ್ದರೆ ಅಲ್ಲಿ ಸೇರಿರುತ್ತದೆ. ಹೋಳನ್ನು ಕೂಡಲೇ ತೆಗೆಯಬೇಕು, ಮರೆತರೆ ಅದೇ ಹೊಸ ಮೇವು.

ಎಷ್ಟು ಕೊಳ್ಳಬೇಕು ಅನ್ನುವುದಾದರೆ, ಹತ್ತು ಇಂಚು ಉದ್ದ, ಹತ್ತು ಇಂಚು ಅಗಲದ ಡಬ್ಬಿಗೆ ನಾಲ್ಕು ಇಂಚು ಎತ್ತರ ತುಂಬಲು ಆರೂವರೆ ಲೀಟರ್ ಹುಡಿ ಹಿಡಿಯುತ್ತದೆ. ಪೂರ್ತಿ ಉಬ್ಬಿಸಿದರೆ ಒಂದು ಇಟ್ಟಿಗೆಯಲ್ಲಿ ಮುಗಿಯುತ್ತದೆ. ಕಡಿಮೆ ನೀರಿನಲ್ಲಿ ಅಷ್ಟು ಉಬ್ಬುವುದಿಲ್ಲ, ಎರಡು ತಂದಿಡಿ. 5 ಕಿಲೋದ ಗಟ್ಟಿ ಲೆಕ್ಕಕ್ಕೆ ಅಗ್ಗ ನಿಜ. ಆದರೆ ಏಳೆಂಟು ಡಬ್ಬಿ ಇಲ್ಲದವರಿಗೆ ಅದು ಹೊರೆ: ಗರಗಸ ಹಿಡಿದು ಕೊಯ್ಯಬೇಕು, ಪ್ಲಾಸ್ಟಿಕ್ ಹರಿದ ಮೇಲೆ ಜುಲೈಯ ಗಾಳಿಯ ತೇವವನ್ನೆಲ್ಲ ಎಳೆದುಕೊಳ್ಳುತ್ತದೆ. ಕೊಂಡದ್ದೇ ಆದರೆ ಉಳಿದ ತುಂಡನ್ನು ಬಿಗಿ ಮುಚ್ಚಳದ ಡ್ರಮ್ಮಿನಲ್ಲಿ, ಕ್ರಿಕೆಟ್ ಹುಳದ ಡಬ್ಬಿ ಇರುವ ಕೋಣೆ ಬಿಟ್ಟು ಬೇರೆ ಕಡೆ ಇಡಿ.